ಜಗತ್ತಲ್ಲಿ ಅತಿ ಹೆಚ್ಚು ದುಡ್ಡು ಮಾಡಿದ ಗೇಮ್ ಸರಣಿ ಯಾವುದು? ಯಾವ ಲೆಕ್ಕ ಹಿಡಿಯೋಣ?

ಬೆಣ್ಣೆನಗರಿ

ವಾಟ್ಸಾಪ್ ಗ್ರೂಪುಗಳಲ್ಲಿ ಆಗಾಗ ಓಡಾಡೋ ಒಂದು ಪಟ್ಟಿ ಇದೆ. ಅತಿ ಹೆಚ್ಚು ಮಾರಾಟ ಆದ ಗೇಮ್ ಸರಣಿಗಳು ಅಂತ. ಮೇಲೆ ಮಾರಿಯೋ, ಕೆಳಗೆ ಟೆಟ್ರಿಸ್, ಪೋಕೆಮಾನ್, ಕಾಲ್ ಆಫ್ ಡ್ಯೂಟಿ, ಜಿಟಿಎ (ಗ್ರ್ಯಾಂಡ್ ಥೆಫ್ಟ್ ಆಟೋ). ಅದು ಬಂದಾಗೆಲ್ಲ ನಮ್ಮ ದಾವಣಗೆರೆ ಹುಡುಗರದ್ದು ಒಂದೇ ಪ್ರಶ್ನೆ: ಪಬ್‌ಜಿ ಎಲ್ಲಿ, ಫ್ರೀ ಫೈರ್ ಎಲ್ಲಿ? ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೇ ಇಲ್ಲಿ ಬಿಡಿಸಿ ಬರೀತಿದೀನಿ.

ಆ ಪಟ್ಟಿ ಎಣಿಸೋದು ಮಾರಾಟವಾದ ಪ್ರತಿಗಳನ್ನ. ಈ ಲೆಕ್ಕದಲ್ಲಿ ಮಾರಿಯೋನ ಹಿಂದಿಕ್ಕೋರು ಯಾರೂ ಇಲ್ಲ. ಮಾರಿಯೋ ಹೆಸರಿನ ಕಾರ್ಟ್, ಪಾರ್ಟಿ ಗೇಮೆಲ್ಲ ಸೇರಿ 90 ಕೋಟಿ ದಾಟಿದೆ. 1985ರ ಸೂಪರ್ ಮಾರಿಯೋ ಬ್ರದರ್ಸ್ ಒಂದೇ 4 ಕೋಟಿ, ನಿಂಟೆಂಡೋದ ಸ್ವಿಚ್ ಮಷೀನಿಗೆ ಬಂದ ಮಾರಿಯೋ ಕಾರ್ಟ್ 8 ಡಿಲಕ್ಸ್ 6 ಕೋಟಿ ಮೀರಿದೆ. ಪೋಕೆಮಾನ್ ಗೇಮುಗಳು 48 ಕೋಟಿಗೂ ಹೆಚ್ಚು. ಜಿಟಿಎ ಸರಣಿ 40 ಕೋಟಿ ಮೀರಿದ್ದು, ಅದರಲ್ಲಿ 2013ರ ಜಿಟಿಎ 5ರದ್ದೇ 20 ಕೋಟಿಗಿಂತ ಹೆಚ್ಚು. ಪಬ್‌ಜಿ ಮೊಬೈಲು ಬಿಟ್ಟಿ ಸಿಗುತ್ತೆ. ಬಿಟ್ಟಿ ಗೇಮಿಗೆ ಮಾರಾಟದ ಪ್ರತಿ ಎಲ್ಲಿಂದ ಬರಬೇಕು? ಹಂಗಾಗಿ ಅದು ಆ ಪಟ್ಟಿಗೆ ಬರೋದೇ ಇಲ್ಲ.

ಒಟ್ಟು ಬಂದ ದುಡ್ಡಿನ ಲೆಕ್ಕ ಹಿಡಿದ್ರೆ ಪಟ್ಟಿ ತಲೆಕೆಳಗಾಗುತ್ತೆ. ದಕ್ಷಿಣ ಕೊರಿಯಾದ ಡಂಜನ್ ಆ್ಯಂಡ್ ಫೈಟರ್ ಅನ್ನೋ ಹೆಸರು ನಮ್ಮ ಕಡೆ ಕೇಳಿದೋರು ವಿರಳ. 2005ರಲ್ಲಿ ಶುರುವಾಗಿ, ಟೆನ್ಸೆಂಟ್ ಕಂಪನಿ ಮೂಲಕ ಚೀನಾಕ್ಕೆ ಹೋಗಿ, ಇಲ್ಲೀತನಕ 2,000 ಕೋಟಿ ಡಾಲರಿಗೂ ಮೀರಿ ದುಡಿದಿದೆ. ವಾಟ್ಸಾಪ್ ಪಟ್ಟಿಯಲ್ಲಿ ಅದರ ಸುಳಿವೇ ಇಲ್ಲ. ಎರಡೂ ಕಡೆ ಗಟ್ಟಿಯಾಗಿ ನಿಲ್ಲೋದು ಕಾಲ್ ಆಫ್ ಡ್ಯೂಟಿ: 50 ಕೋಟಿ ಪ್ರತಿ, 3,000 ಕೋಟಿ ಡಾಲರ್ ಮೀರಿದ ಆದಾಯ. 2023ರಲ್ಲಿ ಮೈಕ್ರೋಸಾಫ್ಟ್ 6,870 ಕೋಟಿ ಡಾಲರ್ ಕೊಟ್ಟು ಅದನ್ನ ಮಾಡೋ ಆಕ್ಟಿವಿಷನ್ ಬ್ಲಿಝಾರ್ಡ್ ಕಂಪನಿ ಕೊಂಡಿದ್ದಕ್ಕೆ ದೊಡ್ಡ ಕಾರಣಗಳಲ್ಲಿ ಇದೂ ಒಂದು.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಗೇಮ್ ವ್ಯಾಪಾರ ಶುರುವಾಗಿದ್ದೇ ನಾಣ್ಯದಿಂದ. 1978ರ ಸ್ಪೇಸ್ ಇನ್ವೇಡರ್ಸ್, 1980ರ ಪ್ಯಾಕ್‌ಮ್ಯಾನ್, ಇವೆಲ್ಲ ಅಂಗಡಿಯಲ್ಲಿ ನಿಂತ ಯಂತ್ರಗಳು. ಸತ್ತೆ ಅಂದ್ರೆ ಇನ್ನೊಂದು ನಾಣ್ಯ ಹಾಕಬೇಕು. ಆಮೇಲೆ ಗೇಮು ಮನೆಗೆ ಬಂತು, ಒಂದೇ ಸಲ ದುಡ್ಡು ಕೊಟ್ಟು ಎಷ್ಟು ಬೇಕಾದ್ರೂ ಆಡು ಅನ್ನೋ ಪದ್ಧತಿ ಬಂತು. ಈಗ ಫೋನಲ್ಲಿ ಮತ್ತೆ ನಾಣ್ಯದ ಕಾಲಕ್ಕೇ ವಾಪಸ್ ಬಂದಿದೀವಿ: ಗೇಮು ಬಿಟ್ಟಿ, ಒಳಗಿನ ಸಾಮಾನಿಗೆ ಮತ್ತೆ ಮತ್ತೆ ದುಡ್ಡು. ಆದ್ದರಿಂದ ಒಂದು ಸರಣಿ ಗೆದ್ದಿದೆಯಾ ಅಂತ ನೋಡೋಕೆ ನಾನು ಕೇಳೋದು ಇಷ್ಟೇ: ಒಂದು ಸಲ ದುಡ್ಡು ಕೊಟ್ಟೋನು ವರ್ಷಗಳಾದ ಮೇಲೂ ಖುಷಿಯಿಂದ ಮತ್ತೆ ಕೊಟ್ಟನಾ? ನಿಮಗೇನನ್ಸುತ್ತೆ, ಬರೀರಿ.

ವಿದ್ಯಾನಗರ_ಸ್ಕ್ವಾಡ್

ಅಣ್ಣಾ ಇದನ್ನ ಯಾರೋ ಒಬ್ರು ಬರೀಬೇಕಿತ್ತು. ನಮ್ಮ ಹಾಸ್ಟೆಲಲ್ಲಿ ಬಿಜಿಎಂಐ (ಪಬ್‌ಜಿ ಮೊಬೈಲಿನ ಭಾರತದ ರೂಪ) ಆಡದೇ ಇರೋ ರೂಮಿಲ್ಲ. 2020ರ ಸೆಪ್ಟೆಂಬರಲ್ಲಿ ಪಬ್‌ಜಿ ಮೊಬೈಲ್ ಬ್ಯಾನ್ ಆಯ್ತು, 2021ರ ಜುಲೈನಲ್ಲಿ ಪಬ್‌ಜಿಯ ಕಂಪನಿ ಕ್ರಾಫ್ಟನ್ ಅವ್ರು ಬಿಜಿಎಂಐ ಅಂತ ತಂದ್ರು, 2022ರಲ್ಲಿ ಅದೂ ಹೋಯ್ತು, 2023ರ ಮೇನಲ್ಲಿ ಮತ್ತೆ ಬಂತು. ಇಷ್ಟು ಸಲ ಎದ್ದು ಬಿದ್ರೂ ಜನ ಬಿಡಲಿಲ್ಲ ಅಂದ್ರೆ ಅದೇ ಗೆಲುವು ಅಲ್ವಾ?

ಏಳುಸುತ್ತು

ಚಿತ್ರದುರ್ಗದಿಂದ ನನ್ನದೊಂದು ಮಾತು. ಬೆಣ್ಣೆನಗರಿ ಅವರೇ, ನೀವು ಪೋಕೆಮಾನ್‌ನ ಒಂದೇ ಸಾಲಲ್ಲಿ ಮುಗಿಸಿಬಿಟ್ರಿ. ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ಇರೋದೇ ಅಲ್ಲಿ.

ಪೋಕೆಮಾನ್ ಹುಟ್ಟಿಸಿದ ಸತೋಶಿ ತಜಿರಿ ಅನ್ನೋರು ಚಿಕ್ಕವರಿದ್ದಾಗ ಹುಳ ಹಿಡಿಯೋ ಹುಚ್ಚಿನವರು. ಗೇಮ್ ಬಾಯ್ (ನಿಂಟೆಂಡೋದ ಕೈಯಲ್ಲಿ ಹಿಡಿಯೋ ಮಷೀನು) ಎರಡನ್ನ ಜೋಡಿಸೋ ಕೇಬಲ್ ನೋಡಿದಾಗ ಅವರ ತಲೆಗೆ ಹೊಳೆದಿದ್ದು, ಈ ವೈರ್ ಮೇಲೆ ಹುಳ ಹರಿದು ಆ ಕಡೆ ಹೋದ್ರೆ ಹೇಗಿರುತ್ತೆ ಅಂತ. 1996ರ ಫೆಬ್ರವರಿಯಲ್ಲಿ ಜಪಾನಲ್ಲಿ ಕೆಂಪು, ಹಸಿರು ಅಂತ ಎರಡು ಬಗೆ ಬಿಟ್ರು. ಕೆಂಪಲ್ಲಿ ಸಿಗೋ ಕೆಲವು ಪ್ರಾಣಿ ಹಸಿರಲ್ಲಿ ಇಲ್ಲ, ಹಸಿರಲ್ಲಿ ಸಿಗೋದು ಕೆಂಪಲ್ಲಿ ಇಲ್ಲ. ಎಲ್ಲಾನೂ ಕೂಡಿಸಬೇಕು ಅಂದ್ರೆ ಗೆಳೆಯನ ಹತ್ರ ಇನ್ನೊಂದು ಬಗೆ ಇರಲೇಬೇಕು, ಕೇಬಲ್ ಹಾಕಿ ಬದಲಾಯಿಸಿಕೊಳ್ಳಬೇಕು. ಜಾಹೀರಾತು ಇಲ್ಲದೇ ಒಬ್ಬ ಹುಡುಗ ಇನ್ನೊಬ್ಬನ ಕೈಲಿ ಗೇಮ್ ಕೊಳ್ಳಿಸ್ತಾನೆ. ವ್ಯಾಪಾರ ದೃಷ್ಟಿಯಿಂದ ಇದಕ್ಕಿಂತ ಚೆಂದದ ಉಪಾಯ ಗೇಮ್ ಇತಿಹಾಸದಲ್ಲಿ ಇನ್ನೊಂದಿಲ್ಲ ಅಂತ ನಾನು ಹೇಳ್ತೀನಿ.

ಅದೇ 1996ರಲ್ಲಿ ಇಸ್ಪೀಟಿನ ಥರದ ಕಾರ್ಡ್ ಆಟವೂ ಬಂತು. ಮುಂದಿನ ವರ್ಷ ಟಿವಿಗೆ ಕಾರ್ಟೂನ್. ಇವತ್ತಿಗೆ ಗೇಮ್, ಕಾರ್ಟೂನ್, ಸಿನಿಮಾ, ಬಟ್ಟೆ, ಬೊಂಬೆ ಎಲ್ಲ ಸೇರಿಸಿ ಅಂದಾಜು ಮಾಡೋ ಪಟ್ಟಿಗಳಲ್ಲಿ ಪೋಕೆಮಾನ್ ಮಿಕ್ಕಿ ಮೌಸ್‌ಗಿಂತ, ಸ್ಟಾರ್ ವಾರ್ಸ್‌ಗಿಂತ ಮೇಲೆ ಕೂತಿದೆ. ಅದರಲ್ಲಿ ದೊಡ್ಡ ಪಾಲು ಗೇಮಿಂದ ಬಂದದ್ದಲ್ಲ, ಬೊಂಬೆ, ಬ್ಯಾಗು, ಕಾರ್ಡಿನಂಥ ಸಾಮಾನಿಂದ ಬಂದದ್ದು. ನಿಂಟೆಂಡೋ, ಗೇಮ್ ಫ್ರೀಕ್, ಕ್ರೀಚರ್ಸ್ ಈ ಮೂರೂ ಕಂಪನಿ ಸೇರಿ ಹಕ್ಕನ್ನ ಬಿಗಿಯಾಗಿ ಹಿಡಿದಿವೆ.

ನಮ್ಮ ದುರ್ಗದಲ್ಲಿ ಗೇಮ್ ಬಾಯ್ ಕಂಡೋರು ಬೆರಳೆಣಿಕೆ. ಆದ್ರೆ 2003ರಿಂದ ಕಾರ್ಟೂನ್ ನೆಟ್‌ವರ್ಕಲ್ಲಿ ಪೋಕೆಮಾನ್ ಕಾರ್ಟೂನಿನ ಪಿಕಾಚು ಬಂತು ನೋಡಿ, ಚಿಪ್ಸ್ ಪ್ಯಾಕೆಟ್ ಒಳಗೆ ಟಾಜೋ ಅನ್ನೋ ಚಿತ್ರದ ಬಿಲ್ಲೆ ಬಂದ್ವು. ಚಿಪ್ಸ್ ತಿನ್ನೋಕೆ ಮುಂಚೆ ಎಲ್ರೂ ಪ್ಯಾಕೆಟ್ ಹಿಚುಕಿ ನೋಡ್ತಿದ್ವಿ, ಒಳಗೆ ದುಂಡನೆಯ ಅಂಚು ಬೆರಳಿಗೆ ಸಿಗ್ತಿತ್ತು. ಗೇಮನ್ನೇ ನೋಡದ ಊರಲ್ಲಿ ಗೇಮಿನ ಹೆಸರಿಂದ ದುಡ್ಡು ಹುಟ್ಟಿತು. ಮಾರಿಯೋಗೆ, ಕಾಲ್ ಆಫ್ ಡ್ಯೂಟಿಗೆ ಈ ಶಕ್ತಿ ನಮ್ಮ ಕಡೆ ಇರಲಿಲ್ಲ.

2016ರಲ್ಲಿ ಫೋನ್ ಹಿಡಿದು ಊರು ಸುತ್ತಿ ಆಡೋ ಪೋಕೆಮಾನ್ ಗೋ ಬಂದಾಗ ಇಲ್ಲಿನ ಹುಡುಗರು ಪ್ಲೇ ಸ್ಟೋರ್ ಹೊರಗಿಂದ ಎಪಿಕೆ ಫೈಲ್ ಇಳಿಸಿಕೊಂಡು ಆಡ್ತಿದ್ರು. ಡಿಸೆಂಬರಲ್ಲಿ ಜಿಯೋ ಜತೆ ಸೇರಿ ಅಧಿಕೃತವಾಗಿ ಬಂತು. ಅದನ್ನ ಮಾಡಿದ ನಯಾಂಟಿಕ್ ಕಂಪನಿ ತನ್ನ ಹಿಂದಿನ ಗೇಮಿಗೆ ಆಟಗಾರರೇ ಗುರುತು ಹಾಕಿದ್ದ ಸ್ಮಾರಕ, ಗುಡಿ, ಪ್ರತಿಮೆಗಳ ಜಾಗವನ್ನೇ ಇದಕ್ಕೂ ಬಳಸ್ತು. ಕೋಟೆ ಇರೋ ಊರಿನವರಿಗೆ ಅದರ ಖುಷಿ ಏನು ಅಂತ ಗೊತ್ತು.

ಹಳೇ_ಕ್ಯಾಸೆಟ್

ನಾನು ಮಂಡಿಪೇಟೆ ಹತ್ರ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದೋನು. ತೊಂಬತ್ತರ ದಶಕದ ಕೊನೆ. ಮೂರು ಪೋರ್ಟಬಲ್ ಟಿವಿ, ಒಂದು ಬೆಂಚು, ಅರ್ಧ ಗಂಟೆಗೆ ಐದು ರೂಪಾಯಿ. ಈ ಚರ್ಚೆಗೆ ನನ್ನ ಕಡೆಯಿಂದ ಹೇಳಬೇಕಾದ್ದು ಬಹಳ ಐತಿ.

ಮಾರಿಯೋ 90 ಕೋಟಿ ಅಂದ್ರಲ್ಲ, ಅದರಲ್ಲಿ ದಾವಣಗೆರೆದು ಒಂದೂ ಇಲ್ಲ ಅಂತ ಧೈರ್ಯವಾಗಿ ಹೇಳ್ತೀನಿ. ನಮ್ಮ ಹತ್ರ ಬರ್ತಿದ್ದ ಮಷೀನು ಯಾವುದೂ ನಿಂಟೆಂಡೋದಲ್ಲ. 1983ರಲ್ಲಿ ಜಪಾನಲ್ಲಿ ಬಂದ ಫ್ಯಾಮಿಕಾಮ್ ಅನ್ನೋ ಮಷೀನಿನ ನಕಲು. ಅದನ್ನೇ ಎನ್‌ಇಎಸ್ ಅನ್ನೋ ಹೆಸರಲ್ಲಿ ಅಮೆರಿಕಕ್ಕೆ ಕಳಿಸಿದಾಗ ಅದರೊಳಗೆ ನಿಂಟೆಂಡೋ ಒಂದು ಬೀಗದ ಚಿಪ್ ಇಟ್ಟಿತ್ತು, ಕ್ಯಾಸೆಟ್ ಅಸಲಿ ಅಲ್ಲ ಅಂದ್ರೆ ಅದು ಓಡ್ತಿರಲಿಲ್ಲ. ಜಪಾನಿನ ಮಷೀನಲ್ಲಿ ಆ ಬೀಗ ಇರಲಿಲ್ಲ. ನಕಲು ಮಾಡೋರು ಹಿಡಿದಿದ್ದು ಅದನ್ನೇ. ನಮ್ಮಲ್ಲಿ ಓಡ್ತಿದ್ದ 60 ಪಿನ್ನಿನ ಕ್ಯಾಸೆಟ್ ಎಲ್ಲ ಆ ಜಾತಿಯವು.

ಒಂದು ಕ್ಯಾಸೆಟ್ ಬಿಚ್ಚಿ ನೋಡಿದ್ರೆ ನಿಮಗೆ ಪೂರ್ತಿ ಕಥೆ ತಿಳೀತದೆ. ಹೊರಗೆ ಹಳದಿ ಪ್ಲಾಸ್ಟಿಕ್ಕು, ಮೇಲೆ 9999 ಗೇಮ್ ಅಂತ ಚೀಟಿ. ಒಳಗೆ ಅಂಗೈಗಿಂತ ಸಣ್ಣ ಹಸಿರು ಬೋರ್ಡು, ಅದರ ನಡುವೆ ಕರಿ ಅಂಟು ಒಂದು ಬೊಟ್ಟು. ಕಾಲು, ನಂಬರು ಇರೋ ಚಿಪ್ಪು ಇಲ್ಲವೇ ಇಲ್ಲ. ಆ ಕರಿ ಅಂಟಿನ ಕೆಳಗೇ ಎಲ್ಲ ಮುಚ್ಚಿಟ್ಟಿರ್ತಿದ್ರು. 9999 ಅಂದ್ರೂ ಇರ್ತಿದ್ದ ಗೇಮು ಕೈಬೆರಳಷ್ಟೇ. ಕಾಂಟ್ರಾ, ಮಾರಿಯೋ, ಸರ್ಕಸ್ ಚಾರ್ಲಿ, ರೋಡ್ ಫೈಟರ್, ಡಕ್ ಹಂಟ್. ಅದನ್ನೇ ಬೇರೆ ಬೇರೆ ಲೆವೆಲಿಂದ ಶುರು ಮಾಡಿ ಬೇರೆ ಬೇರೆ ಹೆಸರು ಕೊಟ್ಟಿರ್ತಿದ್ರು.

ಅಂಗಡಿಗೆ ಬರ್ತಿದ್ದ ಹುಡುಗರಿಗೆ ಮಾರಿಯೋ ಪ್ರತಿ ಲೆವೆಲೂ ಬಾಯಿಪಾಠ. ಕ್ಯೋಟೋದಲ್ಲಿರೋ ಕಂಪನಿಗೆ ಇವರು ಯಾರೂ ಲೆಕ್ಕಕ್ಕಿಲ್ಲ. ಹಂಗಂತ ಮಾರಿಯೋ ನಮ್ಮೂರಲ್ಲಿ ಸೋತಿತು ಅನ್ನೋಕಾಗ್ತದಾ? ದುಡ್ಡಿನ ಲೆಕ್ಕ ಒಂದು ಕಡೆ ಇಟ್ಕೊಳ್ರಿ, ಬೇಡ ಅನ್ನಲ್ಲ. ಆದ್ರೆ ಎಷ್ಟು ಜನರ ಬಾಲ್ಯದೊಳಗೆ ಹೊಕ್ಕಿತ್ತು ಅನ್ನೋದನ್ನೂ ಎಲ್ಲಾದ್ರೂ ಬರೀರಿ.

ಹೊಂಡದ_ಸರ್ಕಲ್

ಹಳೇ ಕ್ಯಾಸೆಟ್ ಅಣ್ಣಾ, ನಿಮ್ಮ ಅಂಗಡಿಗೆ ನಾನೂ ಬಂದಿರಬೇಕು.

ಟೆಟ್ರಿಸ್ ಬಗ್ಗೆ ಯಾರೂ ಮಾತಾಡ್ಲಿಲ್ಲ, ಅದಕ್ಕೇ ಬರೀತಿದೀನಿ. ದುರ್ಗಾಂಬಿಕಾ ಜಾತ್ರೆಯಲ್ಲಿ ಬಳೆ ಅಂಗಡಿ ಸಾಲಿನ ಪಕ್ಕ ಬ್ರಿಕ್ ಗೇಮ್ ಮಾರ್ತಿದ್ರಲ್ಲ, ಎರಡು ಪೆನ್ಸಿಲ್ ಸೆಲ್ ಹಾಕೋದು, ಬಲಗಡೆ ದೊಡ್ಡ ದುಂಡು ಬಟನ್ ಒತ್ತಿದ್ರೆ ಇಟ್ಟಿಗೆ ತಿರುಗೋದು. ಅದು ಟೆಟ್ರಿಸ್ಸೇ. 1984ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯ ಕಂಪ್ಯೂಟರ್ ಕೇಂದ್ರದಲ್ಲಿ ಅಲೆಕ್ಸಿ ಪಾಜಿಟ್ನೋವ್ ಬರೆದದ್ದು. ಅವರ ಎಲೆಕ್ಟ್ರೋನಿಕಾ 60 ಮಷೀನಲ್ಲಿ ಚಿತ್ರ ತೋರಿಸೋಕೆ ಬರ್ತಿರಲಿಲ್ಲ, ಅಕ್ಷರ ಮಾತ್ರ. ಹಂಗಾಗಿ ಆವರಣ ಚಿಹ್ನೆಗಳನ್ನ ಜೋಡಿಸಿ ಇಟ್ಟಿಗೆ ಮಾಡಿದ್ರು.

ನನಗೆ ಮನಸ್ಸಿಗೆ ತಾಗೋದು ದುಡ್ಡಿನ ವಿಷಯ. ಹಕ್ಕೆಲ್ಲ ಸೋವಿಯತ್ ಸರ್ಕಾರದ ಎಲೋರ್ಗ್ ಸಂಸ್ಥೆ ಕೈಲಿ. 1989ರಲ್ಲಿ ಗೇಮ್ ವ್ಯಾಪಾರಿ ಹೆಂಕ್ ರಾಜರ್ಸ್ ಮಾಸ್ಕೋಗೇ ಹೋಗಿ ಕೂತು ಮಾತಾಡಿ, ಕೈಯಲ್ಲಿ ಹಿಡಿಯೋ ಮಷೀನಿನ ಹಕ್ಕು ತಂದ್ರು. ಅಮೆರಿಕದಲ್ಲಿ ಗೇಮ್ ಬಾಯ್ ಡಬ್ಬಿಯೊಳಗೇ ಟೆಟ್ರಿಸ್ ಇಟ್ಟು ಮಾರಿದ್ರು, ಜಗತ್ತೆಲ್ಲ ಆಡ್ತು. ಬರೆದವರಿಗೆ ರಾಯಧನ ಬರೋಕೆ ಶುರುವಾಗಿದ್ದು 1996ರಲ್ಲಿ. ಹನ್ನೆರಡು ವರ್ಷ ಬರಿಗೈ. ಟೆಟ್ರಿಸ್ ಕಂಪನಿ ಈಗ 50 ಕೋಟಿ ಮೀರಿದೆ ಅಂತ ಹೇಳ್ಕೊಳ್ತದೆ. ಜಾತ್ರೆಯ ಬ್ರಿಕ್ ಗೇಮಿನ ದುಡ್ಡು ಅದರಲ್ಲೂ ಇಲ್ಲ.

ಹರಿಹರ_ಲೆಕ್ಕಪುಸ್ತಕ

ಕಾಲೇಜಲ್ಲಿ ಅಕೌಂಟ್ಸ್ ಪಾಠ ಮಾಡೋನು ನಾನು. ಈ ಅಂಕಿಗಳನ್ನ ಪಕ್ಕಪಕ್ಕ ಇಟ್ಟು ಹೋಲಿಸೋ ಮುಂಚೆ ಕೆಲವು ಎಚ್ಚರಿಕೆ ಹೇಳಲೇಬೇಕು.

ಡಬ್ಬಿ ಜತೆ ಬಂದದ್ದನ್ನ ಮಾರಾಟ ಅಂತ ಎಣಿಸ್ತಾರೆ. ವೀ ಸ್ಪೋರ್ಟ್ಸ್ 8 ಕೋಟಿ ಪ್ರತಿ ದಾಟಿದ ಗೇಮು, ಆದ್ರೆ ಜಪಾನ್ ಬಿಟ್ಟು ಬಹುತೇಕ ದೇಶಗಳಲ್ಲಿ ಅದು ನಿಂಟೆಂಡೋದ ವೀ ಮಷೀನಿನ ಜತೆಗೇ ಸಿಗ್ತಿತ್ತು. ಟೆಟ್ರಿಸ್‌ನ 50 ಕೋಟಿಯಲ್ಲಿ ಹಳೇ ಕೀಪ್ಯಾಡ್ ಫೋನಿಗೆ ದುಡ್ಡು ಕೊಟ್ಟು ಇಳಿಸಿಕೊಂಡದ್ದೂ ಸೇರಿದೆ. ಕ್ಯಾಸೆಟ್ ಕೊಂಡೋನೂ ಒಂದೇ, ಫೋನಿಗೆ ಇಳಿಸಿದೋನೂ ಒಂದೇ ಅಂತ ಲೆಕ್ಕ ಹಾಕಿದ್ರೆ ತೂಕ ತಪ್ಪುತ್ತೆ.

ಫುಟ್‌ಬಾಲ್ ಗೇಮ್ ನೋಡಿ. ಫಿಫಾ ಸರಣಿ 1993ರಲ್ಲಿ ಶುರು, ಪ್ರತಿವರ್ಷ ಹೊಸ ಡಬ್ಬಿ, 2023ರಿಂದ ಇಎ ಸ್ಪೋರ್ಟ್ಸ್ ಎಫ್‌ಸಿ ಅನ್ನೋ ಹೆಸರು. 32 ಕೋಟಿ ಮೀರಿದ ಪ್ರತಿ ಅಂದ್ರೆ ಒಬ್ಬನೇ ಅಭಿಮಾನಿ ಹತ್ತು ಹದಿನೈದು ಸಲ ಕೊಂಡಿರಬಹುದು. ಮೈನ್‌ಕ್ರಾಫ್ಟ್ ಒಂದೇ ಒಂದು ಗೇಮು, 2023ರ ಅಕ್ಟೋಬರ್‌ಗೇ 30 ಕೋಟಿ ದಾಟಿತು. ಎರಡೂ ಅಂಕಿ ಹತ್ತಿರ ಹತ್ತಿರ ಕಾಣ್ತವೆ, ಹೇಳೋ ಕಥೆ ಬೇರೆ.

ಬೆಣ್ಣೆನಗರಿಯವರ ನಾಣ್ಯದ ಮಾತಿಗೆ ನನ್ನ ಒಪ್ಪಿಗೆ ಇದೆ, ಲೆಕ್ಕಪತ್ರದಲ್ಲೂ ಅದೇ ಕಾಣುತ್ತೆ. 2009ರಲ್ಲಿ ಫಿಫಾ ಒಳಗೆ ಅಲ್ಟಿಮೇಟ್ ಟೀಮ್ ಅಂತ ತಂದ್ರು. ದುಡ್ಡು ಕೊಟ್ಟು ಪ್ಯಾಕ್ ಒಡೆಯೋದು, ಯಾವ ಆಟಗಾರ ಸಿಗ್ತಾನೋ ಸಿಗಲಿ. 2021ರ ಆರ್ಥಿಕ ವರ್ಷದಲ್ಲಿ ಫಿಫಾ ಮಾಡೋ ಇಎ ಕಂಪನಿಗೆ ಅಲ್ಟಿಮೇಟ್ ಟೀಮ್‌ಗಳಿಂದಲೇ 162 ಕೋಟಿ ಡಾಲರ್ ಬಂತು. ಅದು ಆ ವರ್ಷದ ಒಟ್ಟು ಆದಾಯದ ಕಾಲು ಭಾಗಕ್ಕೂ ಹೆಚ್ಚು. ಡಬ್ಬಿ ಕೊಂಡ ಮೇಲೂ ನಾಣ್ಯ ಹಾಕ್ತಾನೇ ಇದಾರೆ.

ಎಂಸಿಸಿ_ಅಮ್ಮ

ಗೇಮ್ ಬಗ್ಗೆ ನನಗೆ ನಿಮ್ಮಷ್ಟು ತಿಳುವಳಿಕೆ ಇಲ್ಲ, ಆದ್ರೆ ಬೆಣ್ಣೆನಗರಿ ಅವರು "ಖುಷಿಯಿಂದ ಮತ್ತೆ ಕೊಟ್ಟನಾ" ಅಂದಿದ್ದು ಓದಿ ಸುಮ್ಮನಿರೋಕೆ ಆಗ್ಲಿಲ್ಲ.

ನನ್ನ ಮಗ ಹೈಸ್ಕೂಲು. ಮನೆಯವರ ಫೋನಲ್ಲಿ ಒಂದು ಗೇಮ್ ಆಡ್ತಾ ಆಡ್ತಾ ರೀಚಾರ್ಜ್ ಮಾಡಿದಾನೆ. ಒಂದೊಂದು ಸಲಕ್ಕೆ ಎಂಬತ್ತು ರೂಪಾಯಿ, ಅಷ್ಟೇ. ಬ್ಯಾಂಕ್ ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ ಪುಟ ತುಂಬಾ ಅದೇ ಎಂಬತ್ತು, ಎಂಬತ್ತು, ಎಂಬತ್ತು. ಕಂಪನಿಗೆ ಬರೆದ್ರೆ ಮಷೀನೇ ಕಳಿಸೋ ಉತ್ತರ ಬಂತು. ಅವನನ್ನ ಕೂರಿಸಿಕೊಂಡು ಕೇಳಿದೆ, ಖುಷಿ ಆಯ್ತಾ ಅಂತ. ಆ ಪೆಟ್ಟಿಗೆ ಒಡೆದಾಗ ಬೇಕಾದ ಬಂದೂಕು ಬರಲಿಲ್ಲ ಅಮ್ಮ, ಅದಕ್ಕೇ ಮತ್ತೆ ಹಾಕಿದೆ ಅಂದ. ಸಿಗಲಿಲ್ಲ ಅಂತ ಮತ್ತೆ ಹಾಕೋದು ಖುಷಿ ಹೆಂಗಾಗುತ್ತೆ? ನಿಮ್ಮ ಪಟ್ಟಿಯ ಕೋಟಿಗಳಲ್ಲಿ ಇಂಥ ಎಂಬತ್ತುಗಳೂ ಇದಾವೆ ಅನ್ನೋದು ನೆನಪಿರಲಿ.

ಹರಿಹರ_ಲೆಕ್ಕಪುಸ್ತಕ → ಎಂಸಿಸಿ_ಅಮ್ಮ

ಮೇಡಂ, ನೀವು ಹೇಳಿದ ಪೆಟ್ಟಿಗೆಗೆ ಲೂಟ್ ಬಾಕ್ಸ್ ಅಂತಾರೆ. ಬೆಲ್ಜಿಯಂ ದೇಶ 2018ರಲ್ಲಿ ಇದನ್ನ ಜೂಜು ಅಂತಲೇ ತೀರ್ಮಾನಿಸ್ತು. 2019ರ ಜನವರಿಯಲ್ಲಿ ಇಎ ಅಲ್ಲಿ ಪ್ಯಾಕ್ ಕೊಳ್ಳೋಕೆ ಬೇಕಾದ ಫಿಫಾ ಪಾಯಿಂಟ್ಸ್ ಮಾರೋದನ್ನ ನಿಲ್ಲಿಸಬೇಕಾಯ್ತು. ನಮ್ಮಲ್ಲಿ 2025ರ ಆಗಸ್ಟಲ್ಲಿ ಬಂದ ಕಾಯ್ದೆ ದುಡ್ಡು ಪಣಕ್ಕಿಟ್ಟು ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸಿದೆ. ನಿಮ್ಮ ಮಗ ಆಡಿದ್ದು ಆ ಜಾತಿಯದಲ್ಲ. ಮನೆಯಲ್ಲಿ ಮಾಡಬಹುದಾದ್ದು: ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳೋ ಹಾಗೆ ಇಡಿ, ಫೋನಲ್ಲಿ ಉಳಿಸಿಟ್ಟ ಕಾರ್ಡು, ಯುಪಿಐ ತೆಗೆದುಹಾಕಿ. ಇವತ್ತೇ ಮಾಡಿ.

ವಿದ್ಯಾನಗರ_ಸ್ಕ್ವಾಡ್ → ಎಂಸಿಸಿ_ಅಮ್ಮ

ಆಂಟಿ, ಪೆಟ್ಟಿಗೆ ಒಡೆಯೋದರ ಬಗ್ಗೆ ನೀವು ಹೇಳಿದ್ದು ಸರಿ, ನಾನು ಅದಕ್ಕೆ ದುಡ್ಡು ಹಾಕಲ್ಲ. ಬಿಜಿಎಂಐನ ರಾಯಲ್ ಪಾಸ್ ಮಾತ್ರ ತಗೋತೀನಿ. ಏನು ಸಿಗುತ್ತೆ ಅಂತ ಮೊದಲೇ ತೋರಿಸ್ತಾರೆ, ಆಡಿದಷ್ಟೂ ಒಂದೊಂದೇ ತೆರೆಯುತ್ತೆ. ಊರು ಬಿಟ್ಟು ಬಂದ ಗೆಳೆಯರೆಲ್ಲ ರಾತ್ರಿ ಸೇರೋದು ಅಲ್ಲೇ. ಒಬ್ಬ ಹುಬ್ಬಳ್ಳಿ, ಒಬ್ಬ ಬೆಂಗಳೂರು, ನಾನಿಲ್ಲಿ. ಆ ದುಡ್ಡು ನಾನು ಖುಷಿಯಿಂದಲೇ ಕೊಟ್ಟಿದೀನಿ.

ಬೆಣ್ಣೆನಗರಿ

ಎಂಸಿಸಿ ಅಮ್ಮ ಅವರ ಮಾತು ಈ ಚರ್ಚೆಗೆ ಬೇಕೇ ಬೇಕಿತ್ತು. ನನ್ನ ಲೆಕ್ಕದಲ್ಲಿ "ಖುಷಿಯಿಂದ" ಅನ್ನೋದಕ್ಕೆ ಒತ್ತು ಜಾಸ್ತಿ. ಏನು ಸಿಗುತ್ತೆ ಅಂತ ಗೊತ್ತಿದ್ದು ಕೊಟ್ಟ ದುಡ್ಡನ್ನೂ, ಸಿಗಲಿಲ್ಲ ಅಂತ ಹಠಕ್ಕೆ ಕೊಟ್ಟ ದುಡ್ಡನ್ನೂ ಕಂಪನಿಗಳು ಒಂದೇ ಸಾಲಲ್ಲಿ ತೋರಿಸ್ತವೆ. ಅದನ್ನ ಬೇರೆ ಮಾಡಿ ತೋರಿಸೋ ಕಾನೂನು ಬರಬೇಕು ಅಂತ ನಾನು ಗಟ್ಟಿಯಾಗಿ ಹೇಳ್ತೀನಿ.

ಕುಂದವಾಡ_ಕೆರೆ

ನಾನು ದಾವಣಗೆರೆಯವಳು, ಇಲ್ಲಿನ ದೃಶ್ಯಕಲಾ ಕಾಲೇಜಲ್ಲಿ ಓದಿ ಈಗ ಬೆಂಗಳೂರಲ್ಲಿ ಗೇಮುಗಳಿಗೆ ಆರ್ಟ್ ಮಾಡ್ತೀನಿ. ಒಪ್ಪಂದ ಇರೋದ್ರಿಂದ ಯಾವ ಗೇಮ್ ಅಂತ ಬರೆಯೋ ಹಾಗಿಲ್ಲ. ನೀವೆಲ್ಲ ಮಾರಾಟದ ಕಡೆಯಿಂದ ನೋಡ್ತಿದೀರಿ, ನಾನು ಖರ್ಚಿನ ಕಡೆಯಿಂದ ಹೇಳ್ತೀನಿ.

ನನಗೆ ಮೊದಲು ಕೊಟ್ಟ ಕೆಲಸಗಳಲ್ಲಿ ಒಂದು, ಮುಚ್ಚಿದ ಅಂಗಡಿಯ ರೋಲಿಂಗ್ ಶಟರ್. ಆಟಗಾರ ಕಾರಲ್ಲಿ ಅದರ ಮುಂದೆ ಕ್ಷಣದಲ್ಲಿ ಹಾದು ಹೋಗ್ತಾನೆ. ಆದ್ರೂ ಅದರ ಬಣ್ಣ ಎಲ್ಲಿ ಕಿತ್ತಿರಬೇಕು ಅಂತ ಯೋಚಿಸಬೇಕು. ಕೈ ಹಾಕಿ ಎತ್ತೋ ಹಿಡಿಕೆ ಸುತ್ತ ಸವೆದಿರುತ್ತೆ. ಮಳೆ ನೀರು ಸಿಡಿಯೋ ಕೆಳಗಿನ ಪಟ್ಟಿಗಳಲ್ಲಿ ತುಕ್ಕು ಮೇಲಕ್ಕೆ ಹತ್ತಿರುತ್ತೆ. ಬೀಗ ಬಡಿಯೋ ಜಾಗದಲ್ಲಿ ಅರ್ಧಚಂದ್ರದ ಗೀರು. ರಜೆಗೆ ಊರಿಗೆ ಬಂದಾಗ ಅಶೋಕ ರಸ್ತೆಯಲ್ಲಿ ಬೆಳಿಗ್ಗೆ ಅಂಗಡಿ ತೆಗೆಯೋ ಮುಂಚೆ ಹೋಗಿ ಶಟರ್ ಫೋಟೋ ತೆಗೆದುಕೊಂಡಿದ್ದೆ. ಇಂಥ ಸಾವಿರಾರು ವಸ್ತು ಸೇರಿ ಒಂದು ನಗರ ಆಗುತ್ತೆ. ಸಾವಿರಾರು ಜನರ ಸಂಬಳ ವರ್ಷಗಟ್ಟಲೆ.

ಅದಕ್ಕೇ ಜಿಟಿಎ 5 ನನಗೆ ಎಲ್ಲಕ್ಕಿಂತ ದೊಡ್ಡ ಅಚ್ಚರಿ. 2013ರ ಸೆಪ್ಟೆಂಬರ್ 17ಕ್ಕೆ ಬಂತು, ಮೂರೇ ದಿನಕ್ಕೆ 100 ಕೋಟಿ ಡಾಲರ್. ಅಲ್ಲಿಗೆ ನಿಲ್ಲಲಿಲ್ಲ. 2014ರಲ್ಲಿ ಹೊಸ ಕನ್ಸೋಲಿಗೆ (ಟಿವಿಗೆ ಜೋಡಿಸೋ ಗೇಮ್ ಮಷೀನು), 2015ರಲ್ಲಿ ಪಿಸಿಗೆ, 2022ರಲ್ಲಿ ಅದರ ಮುಂದಿನ ಕನ್ಸೋಲಿಗೆ ಅದೇ ಗೇಮ್ ಮತ್ತೆ ಮಾರಾಟ. ಜತೆಗೆ ಜಿಟಿಎ ಆನ್‌ಲೈನ್. ಒಂದು ಸಲ ಕಟ್ಟಿದ ಊರಿನಿಂದ ಹತ್ತು ವರ್ಷದ ಮೇಲೆ ಬಾಡಿಗೆ ಬರ್ತಾನೇ ಇದೆ.

ಇನ್ನೊಂದು ವಿಷಯ ನಮ್ಮ ರಾಜ್ಯದವರಿಗೆ ಗೊತ್ತಿರಲಿ. ಭಾರತದ ಮೊದಲ ಗೇಮ್ ಸ್ಟುಡಿಯೋಗಳಲ್ಲಿ ಒಂದಾದ ಧ್ರುವ ಇಂಟರ್‌ಆ್ಯಕ್ಟಿವ್ 1997ರಲ್ಲಿ ಬೆಂಗಳೂರಲ್ಲಿ ಶುರುವಾದದ್ದು. ರಾಜೇಶ್ ರಾವ್ ಕಟ್ಟಿದ್ದು. 2019ರಲ್ಲಿ ಜಿಟಿಎ ಮಾಡೋ ರಾಕ್‌ಸ್ಟಾರ್‌ನವರೇ ಅದನ್ನ ಕೊಂಡು ತಮ್ಮ ಬೆಂಗಳೂರು ಸ್ಟುಡಿಯೋ ಜತೆ ಸೇರಿಸಿಕೊಂಡ್ರು. ಅವರದೇ ಇನ್ನೊಂದು ಗೇಮ್ ರೆಡ್ ಡೆಡ್ ರಿಡೆಂಪ್ಷನ್ 2ರಲ್ಲಿ ರಾಕ್‌ಸ್ಟಾರ್ ಇಂಡಿಯಾದವರ ಕೈಯೂ ಇದೆ. ಈ ದೊಡ್ಡ ಪಟ್ಟಿಯ ದುಡ್ಡಲ್ಲಿ ಒಂದು ಪಾಲು ನಮ್ಮ ಹುಡುಗ ಹುಡುಗಿಯರ ಸಂಬಳವಾಗಿ ಬರ್ತಿದೆ.

ಏಳುಸುತ್ತು

ಅಕ್ಕ, ಖರ್ಚಿನ ಮಾತು ಬಂದಿದ್ದಕ್ಕೆ ಮೈನ್‌ಕ್ರಾಫ್ಟ್ ನೆನಪಾಯ್ತು. ಅಲ್ಲಿ ತುಕ್ಕೂ ಇಲ್ಲ, ಗೀರೂ ಇಲ್ಲ, ಬರೀ ಚೌಕ. 2009ರಲ್ಲಿ ಮಾರ್ಕಸ್ ಪರ್ಸನ್ ಒಬ್ಬರೇ ಶುರು ಮಾಡಿ, ಪೂರ್ತಿ ಆಗೋ ಮುಂಚೆಯೇ ಕಡಿಮೆ ಬೆಲೆಗೆ ಮಾರೋಕೆ ಇಟ್ರು. ಆಡೋರು ಕೊಟ್ಟ ದುಡ್ಡಲ್ಲೇ ಗೇಮ್ ಬೆಳೀತು. 2014ರಲ್ಲಿ ಮೈಕ್ರೋಸಾಫ್ಟ್ 250 ಕೋಟಿ ಡಾಲರಿಗೆ ಅವರ ಕಂಪನಿಯನ್ನ ಕೊಂಡ್ತು. ನನ್ನ ಅಕ್ಕನ ಮಗಳು ಅದರಲ್ಲಿ ದುರ್ಗದ ಕೋಟೆ ಕಟ್ಟೋಕೆ ಕೂತಿದಾಳೆ. ಒನಕೆ ಓಬವ್ವನ ಕಿಂಡಿ ಆಗಿದೆ, ಮೇಲಿನ ಸುತ್ತು ಬಾಕಿ.

ಹಳೇ_ಕ್ಯಾಸೆಟ್

ಕ್ಯಾಸೆಟ್ ಕಾಲ ಮುಗಿದ ಮೇಲೆ ನಾನು ಸೈಬರ್ ಸೆಂಟರ್ ಮಾಡಿದೆ. ಜಿಟಿಎ ಸರಣಿಯ ವೈಸ್ ಸಿಟಿ, ಐಜಿಐ, ಕೌಂಟರ್ ಸ್ಟ್ರೈಕ್. ವೈಸ್ ಸಿಟಿ ಚೀಟ್ ಕೋಡ್ ಬರೆದ ಹಾಳೆ ಪ್ರತಿ ಮಾನಿಟರ್ ಪಕ್ಕ ಅಂಟಿಸಿದ್ದೆ. ಪ್ಯಾಂಜರ್ ಅಂತ ಟೈಪ್ ಮಾಡಿದ್ರೆ ರಸ್ತೆಗೆ ಯುದ್ಧದ ಟ್ಯಾಂಕ್ ಬೀಳೋದು. ಆ ಸಿ.ಡಿ.ಗಳೂ ಅಸಲಿ ಅಲ್ಲ, ಅದು ಇಡೀ ಊರಿಗೆ ಗೊತ್ತು.

ಆದ್ರೆ ಸಂಜೆ ಆಯ್ತು ಅಂದ್ರೆ ಎಲ್ಲರಿಗೂ ಬೇಕಾದ್ದು ಇಎ ಅವರ ಕ್ರಿಕೆಟ್ 07. ಅದು ಬಂದಿದ್ದು 2006ರ ಕೊನೆಗೆ. ಅದಾದ ಮೇಲೆ ಆ ಕಂಪನಿ ಆ ಸರಣಿಯಲ್ಲಿ ಮತ್ತೊಂದು ಬಿಡಲೇ ಇಲ್ಲ. ಐಪಿಎಲ್ ಬಂತು, ಹೊಸ ಆಟಗಾರರು ಬಂದ್ರು, ಹುಡುಗರು ನೆಟ್ಟಿಂದ ಪ್ಯಾಚ್ ತಂದು ಅದೇ ಹಳೇ ಗೇಮಿಗೆ ಹೊಸ ಜೆರ್ಸಿ ಹೊಲಿದ್ರು. ನೂರು ಕೋಟಿ ಜನ ನೋಡೋ ಆಟ, ದೊಡ್ಡ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ನನಗೆ ಹೊಟ್ಟೆ ಉರಿಯೋದು ಇದೊಂದಕ್ಕೆ.

ಬೆಣ್ಣೆನಗರಿ → ಹಳೇ_ಕ್ಯಾಸೆಟ್

ಅಣ್ಣ, ಕಾರಣ ನೀವೇ ಮೇಲೆ ಹೇಳಿದೀರಿ. ಕ್ರಿಕೆಟ್ ಪ್ರೀತಿಸೋ ದೇಶಗಳಲ್ಲಿ ಆಗ ಡಬ್ಬಿಗೆ ದುಡ್ಡು ಕೊಡೋ ಮಾರುಕಟ್ಟೆನೇ ಇರಲಿಲ್ಲ. ಅಸಲಿ ಪಿಸಿ ಗೇಮಿನ ಬೆಲೆಗೆ ಒಂದು ಮನೆಗೆ ವಾರದ ದಿನಸಿ ಬರ್ತಿತ್ತು. ಆಡಿದೋರ ಲೆಕ್ಕ ಕಂಪನಿಗೆ ಹೋಗಲಿಲ್ಲ, ಅವರು ಮುಂದಿನದು ಮಾಡಲಿಲ್ಲ. ಫುಟ್‌ಬಾಲ್‌ಗೆ ಯುರೋಪ್ ಇತ್ತು, ಪ್ರತಿವರ್ಷ ಕೊಂಡ್ರು, ಪ್ರತಿವರ್ಷ ಬಂತು.

ಕುಂದವಾಡ_ಕೆರೆ

ಮಾಡೋಕೂ ಕಷ್ಟ ಇದೆ. ಫುಟ್‌ಬಾಲಲ್ಲಿ ಓಟ ನಿಲ್ಲೋದೇ ಇಲ್ಲ, ಒಂದೇ ಹರಿವು. ಕ್ರಿಕೆಟಲ್ಲಿ ಪ್ರತಿ ಎಸೆತಕ್ಕೂ ಚೆಂಡು ಬಿದ್ದ ಜಾಗ, ಪಿಚ್ ತಿರುವು, ಬ್ಯಾಟಿನ ಕೋನ, ಒಂಬತ್ತು ಫೀಲ್ಡರುಗಳ ಜಾಗ, ಇವೆಲ್ಲ ಸೇರಿ ಒಂದು ಉತ್ತರ ಕೊಡಬೇಕು. ಕವರ್ ಡ್ರೈವ್ ಒಂದಕ್ಕೇ ಕಾಲಿನ ಚಲನೆ ಎಷ್ಟೋ ಬಗೆ. ಮೇಲಿಂದ ಮಂಡಳಿಗಳ ಲೈಸೆನ್ಸ್ ಬೇರೆ, ಲೀಗಿನದ್ದು ಬೇರೆ, ಆಟಗಾರರದ್ದು ಬೇರೆ.

ಈಗ ಫೋನಿಂದ ಗಾಳಿ ತಿರುಗಿದೆ. ಚೆನ್ನೈನ ನೆಕ್ಸ್ಟ್‌ವೇವ್‌ನವರ ವರ್ಲ್ಡ್ ಕ್ರಿಕೆಟ್ ಚಾಂಪಿಯನ್‌ಶಿಪ್ ಇದೆ, ನಾಟಿಲಸ್‌ನವರ ರಿಯಲ್ ಕ್ರಿಕೆಟ್ ಇದೆ. 2025ರಲ್ಲಿ ಪಬ್‌ಜಿಯ ಕ್ರಾಫ್ಟನ್ನೇ ನಾಟಿಲಸ್‌ನ ಬಹುಪಾಲು ಷೇರು ಕೊಂಡ್ತು. ದುಡ್ಡಿನ ವಾಸನೆ ಇಲ್ಲದೇ ಅವರು ಬರಲ್ಲ.

ವಿದ್ಯಾನಗರ_ಸ್ಕ್ವಾಡ್

ಕ್ರಾಫ್ಟನ್ ಕೊಂಡ್ರಾ? ಗೊತ್ತೇ ಇರಲಿಲ್ಲ. ಅಂದ್ರೆ ನಾವು ಯುಸಿಗೆ (ಬಿಜಿಎಂಐ ಒಳಗಿನ ನಾಣ್ಯ) ಹಾಕಿದ ದುಡ್ಡೇ ಕ್ರಿಕೆಟ್‌ಗೆ ಹೋಯ್ತು ಅಂತಾಯ್ತು.

ಹಳೇ_ಕ್ಯಾಸೆಟ್

ನನ್ನ ಬೇಡಿಕೆ ಬರೆದಿಡ್ತೀನಿ, ಯಾರಾದ್ರೂ ಓದಲಿ. ನಮ್ಮ ಹೈಸ್ಕೂಲ್ ಮೈದಾನದಲ್ಲಿ ಟೆನಿಸ್ ಬಾಲ್ ಟೂರ್ನಿ ಆಗ್ತದಲ್ಲ, ಹೊನಲು ಬೆಳಕಲ್ಲಿ, ಬೇರೆ ಬೇರೆ ಊರಿನ ತಂಡ ಬಂದು. ಅದನ್ನ ಗೇಮ್ ಮಾಡ್ರಿ. ಮೈಕಲ್ಲಿ ಕನ್ನಡ ಕಾಮೆಂಟರಿ. ಡಬ್ಬಿಗೂ ದುಡ್ಡು ಕೊಡ್ತೀನಿ, ರೀಚಾರ್ಜೂ ಮಾಡ್ತೀನಿ.

ಕುಂದವಾಡ_ಕೆರೆ → ಹಳೇ_ಕ್ಯಾಸೆಟ್

ಅಣ್ಣ, ಪೂರ್ತಿ ಗೇಮ್ ನನ್ನೊಬ್ಬಳ ಕೈಲಿ ಆಗಲ್ಲ. ಮೈದಾನ ಮಾತ್ರ ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರಲ್ಲಿ ಕಟ್ಟಬಲ್ಲೆ, ಅದು ಬಿಟ್ಟಿ ಸಿಗುತ್ತೆ, ಸ್ಕ್ವಾಡ್ ಹುಡುಗರೂ ಕಲೀಬಹುದು. ಮುಂದಿನ ಟೂರ್ನಿಗೆ ಹೋದವರು ಫೋಟೋ ತೆಗೆದು ಇಲ್ಲೇ ಹಾಕಿ: ಜನ ಕೂರೋ ಮೆಟ್ಟಿಲು ಹತ್ತಿರದಿಂದ, ಲೈಟ್ ಕಂಬದ ಬುಡ, ಪಿಚ್ ಮೇಲೆ ಹಾಸೋ ಮ್ಯಾಟಿನ ಅಂಚು, ಸ್ಕೋರ್ ಬೋರ್ಡಿನ ಹಿಂಭಾಗ. ಬೆಳಗಿನ ಬಿಸಿಲಲ್ಲಿ ಒಂದು ಸಲ, ರಾತ್ರಿ ಲೈಟಲ್ಲಿ ಒಂದು ಸಲ. ಮನುಷ್ಯರ ಮುಖ ಬೇಡ.